ಬಣ್ಣಕ್ಕೂ ರಾಯಧನವೇ? ಕೇಂದ್ರ ವಾಣಿಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಲ್ಲಿ,

ರೈತರು ಮನೆಯಲ್ಲಿ ಕುಳಿತೇ ಪಂಪ್‌ಸೆಟ್ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್‌ಗಳನ್ನು ಬೆಂಗಳೂರಿನ ಪೀಣ್ಯದಲ್ಲಿ ಹನ್ನೊಂದು ಕೆಲಸಗಾರರೊಂದಿಗೆ ತಯಾರಿಸುವವನು ನಾನು. ತಗಡಿನ ಪೆಟ್ಟಿಗೆಯೊಳಗೆ ಕಾಂಟ್ಯಾಕ್ಟರ್, ರಿಲೇಗಳ ನಡುವೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ, ಮೊಬೈಲ್ ಜಾಲಕ್ಕೆ ಜೋಡಿಸುವ 4ಜಿ ಮೋಡೆಮ್ ಇರುತ್ತದೆ. ಅದನ್ನೂ ಬಿಲ್ ಪಡೆದೇ ಕೊಂಡು ಕೂರಿಸುತ್ತೇವೆ.

ಕಳೆದ ವರ್ಷ ವಿದೇಶಿ ಕಂಪನಿಯೊಂದರ ವಕೀಲರಿಂದ ನೋಟಿಸ್ ಬಂತು. 4ಜಿ ಸಾಧನಗಳೆಲ್ಲ ಪಾಲಿಸಲೇಬೇಕಾದ ತಾಂತ್ರಿಕ ಮಾನಕಕ್ಕೆ ಅತ್ಯಗತ್ಯವಾದ ಪೇಟೆಂಟ್‌ಗಳು ತಮ್ಮಲ್ಲಿವೆ, ಅವುಗಳ ಬಳಕೆಗೆ ರಾಯಧನ (ರಾಯಲ್ಟಿ) ಕೊಡಿ ಎಂದಿದ್ದರು. ನ್ಯಾಯವಾಗಿ ಸಲ್ಲಬೇಕಾದ್ದನ್ನು ಕೊಡಲು ನನ್ನ ತಕರಾರಿಲ್ಲ. ಯಾವ ಪೇಟೆಂಟ್, ಎಷ್ಟು ದರ ಎಂದಷ್ಟೇ ಕೇಳಿದೆ. ಮೊದಲು ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿ, ಆಮೇಲೆ ತೋರಿಸುತ್ತೇವೆ ಎಂದರು. ಸಹಿಗೆ ಮುಂಚೆ ಅವರು ಬಾಯಿಬಿಟ್ಟದ್ದು ಒಂದೇ ಸಂಗತಿ: ಲೆಕ್ಕ ಮೋಡೆಮ್ಮಿನ ಬೆಲೆಯ ಮೇಲಲ್ಲ, ಇಡೀ ಸ್ಟಾರ್ಟರಿನ ಬೆಲೆಯ ಮೇಲೆ. ಪೆಟ್ಟಿಗೆಗೆ ನಾನು ಹೊಡೆಸಿದ ಹಸಿರು ಬಣ್ಣವನ್ನೂ ಅವರೇ ಕಂಡುಹಿಡಿದಿದ್ದರೇನೋ! ವಕೀಲರ ಶುಲ್ಕಕ್ಕೆಂದು ಆ ವರ್ಷದ ಬೋನಸ್ಸನ್ನು ಅರ್ಧಕ್ಕಿಳಿಸಿ, ದೀಪಾವಳಿಯ ದಿನ ಕೆಲಸಗಾರರ ಮುಖ ನೋಡಲಾಗದೆ ಕುಳಿತಿದ್ದೆ.

ತಮಗೆ ನಿಯಮ ತಿಳಿಯದ್ದೇನಲ್ಲ. ಎಲ್ಲರಿಗೂ ಸಲ್ಲುವ ಮಾನಕದೊಳಗೆ ತಮ್ಮ ಪೇಟೆಂಟ್ ಸೇರಿಸಿದವರು, ನ್ಯಾಯಯುತ, ಸಮಂಜಸ ಮತ್ತು ತಾರತಮ್ಯರಹಿತ ಷರತ್ತಿನಲ್ಲಿ ಪರವಾನಗಿ ಕೊಡುವುದಾಗಿ ಮಾತು ಕೊಟ್ಟಿರುತ್ತಾರೆ. ಆ ಮಾತಿನ ಅರ್ಥವೇನೆಂದು ಬರೆದು ಹೇಳಿ ಎಂಬುದೇ ನನ್ನ ಬೇಡಿಕೆ. ರಾಯಧನ ಬಿಡಿಭಾಗದ ಮೇಲೋ ಸಿದ್ಧ ಸಾಧನದ ಮೇಲೋ, ಗೋಪ್ಯತಾ ಒಪ್ಪಂದ ಸರಿಯೋ ಎಂದು 2016ರ ಮಾರ್ಚಿನಲ್ಲಿ ತಮ್ಮ ಸಚಿವಾಲಯವೇ ಚರ್ಚಾಪತ್ರ ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಜನ ಉತ್ತರಿಸಿದರು, ಮಾರ್ಗಸೂಚಿ ಮಾತ್ರ ಬರಲಿಲ್ಲ.

ಇನ್ನು ಎಲ್ಲಿಗೆ ಹೋಗಲಿ? ಇಂಥ ಪೇಟೆಂಟ್‌ಗಳಿಗೆ ರಾಯಧನ ಕೇಳುವ ಸ್ವೀಡನ್ನಿನ ಎರಿಕ್ಸನ್ ವಿರುದ್ಧ ನಮ್ಮ ಮೊಬೈಲ್ ಕಂಪನಿ ಮೈಕ್ರೋಮ್ಯಾಕ್ಸ್ ಕೊಟ್ಟ ದೂರಿನ ಮೇಲೆ 2013ರಲ್ಲಿ, ಮಾರುಕಟ್ಟೆಯ ಬಲದ ದುರುಪಯೋಗ ತಡೆಯುವ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತ್ತು. ಇಂಥ ಪೇಟೆಂಟ್ ಪರವಾನಗಿಯ ತಕರಾರು ಆಯೋಗದ ವ್ಯಾಪ್ತಿಗೆ ಬಾರದೆಂದು 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಲಾವಾದಂಥ ಮೊಬೈಲ್ ಕಂಪನಿಯೇ ಅದೇ ಎರಿಕ್ಸನ್ ಜೊತೆ ವರ್ಷಗಟ್ಟಲೆ ವ್ಯಾಜ್ಯ ನಡೆಸಿ, ಕೊನೆಗೆ 2024ರಲ್ಲಿ 244 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂಬ ತೀರ್ಪು ಕೇಳಬೇಕಾಯಿತು. ಹನ್ನೊಂದು ಜನರ ಶೆಡ್ಡಿಗೆ ಆ ದಾರಿ ಹೇಳಬೇಡಿ. ಜಗತ್ತಿನ 6ಜಿ ಪೇಟೆಂಟ್‌ಗಳಲ್ಲಿ ಶೇ. 10 ನಮ್ಮ ದೇಶದ್ದಾಗಬೇಕೆಂಬ ಸರ್ಕಾರದ ಗುರಿ ಕೇಳಿ ಸಂತೋಷವಾಯಿತು. 4ಜಿಯ ಲೆಕ್ಕವೇ ಇನ್ನೂ ತೀರಿಲ್ಲ ಎಂಬುದನ್ನು ನೆನಪಿಸುತ್ತಿದ್ದೇನೆ, ಅಷ್ಟೇ.

ಮಾರ್ಗಸೂಚಿ ಹೊರಡಿಸಿ. ದರವೂ ಪೇಟೆಂಟ್ ಪಟ್ಟಿಯೂ ಬಹಿರಂಗವಾಗಿರಲಿ. ರಾಯಧನ ಮೋಡೆಮ್ಮಿಗೆ ಮಾತ್ರ ಸೀಮಿತವಾಗಿರಲಿ. ನೋಟಿಸಿನವರು ನನಗೆ ಕೊಟ್ಟ ಗಡುವು ಮೂವತ್ತು ದಿನ. ತಮಗೆ ಅಷ್ಟು ಸಾಲದೆಂದು ಬಲ್ಲೆ. ಮುಂದಿನ ದೀಪಾವಳಿಯೊಳಗೆ ಹೊರಡಿಸಿ.

ಇಂತಿ,
ಪೀಣ್ಯದ ಒಬ್ಬ ಸಣ್ಣ ಉದ್ಯಮಿ