ಅಮ್ಮನ ತಲೆನೋವು ನಿಂತಿತು: ನಮ್ಮ ಫಾರ್ಗೋ ಜೊತೆಗಿದ್ದ ಎಲ್ಲರಿಗೂ

ಮೊನ್ನೆ ಭಾನುವಾರ ನಮ್ಮ ಹಳೆಯ ಫಾರ್ಗೋ ವ್ಯಾನ್ ಮೇಲುಕೋಟೆ ಬೆಟ್ಟ ಹತ್ತಿತು. ರಿಪೇರಿಗೆ ಕೂತು ಸರಿಯಾಗಿ ಹತ್ತು ತಿಂಗಳಾದ ಮೇಲೆ. ಅಮ್ಮ ಒಳಗೆ ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಮೇಲೆ ಹೋಗಿ ಎಂಜಿನ್ ಆಫ್ ಮಾಡಿದ ಕೂಡಲೇ ಹಿಂದೆ ತಿರುಗಿ ಕೇಳಿದೆ, "ಅಮ್ಮ, ತಲೆ ನೋಯ್ತಿದೆಯಾ?"

"ಇಲ್ಲ ಕಣೋ" ಅಂದರು.

ಆ ಎರಡು ಮಾತು ಕೇಳುವುದಕ್ಕೆ ಹತ್ತು ತಿಂಗಳು ಕಾದಿದ್ದೆ. ಅದನ್ನು ಕೇಳುವ ಹಾಗೆ ಮಾಡಿದವರಿಗೆ ಥ್ಯಾಂಕ್ಸ್ ಹೇಳಬೇಕು. ಒಬ್ಬೊಬ್ಬರ ಮನೆಗೂ ಹೋಗಿ ಹೇಳಿದ್ದೇನೆ. ಆದರೂ ಎಲ್ಲರ ಎದುರಿಗೆ ಒಮ್ಮೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮದು 1956ರ ಫಾರ್ಗೋ. ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಸೇರಿ ಇಲ್ಲಿ ತಯಾರಿಸುತ್ತಿದ್ದ ಲಾರಿ. ಅಪ್ಪ ಅದನ್ನು 1979ರಲ್ಲಿ ಹರಾಜಿನಲ್ಲಿ ಕೊಂಡು, ಹಿಂದಿನ ಭಾಗವನ್ನು ಮನೆ ಮಾಡಿಸಿದರು. ಎರಡು ಬೆಂಚು, ಮಡಚುವ ಹಾಸಿಗೆ, ಒಂದು ಸ್ಟೋವಿನ ಕಟ್ಟೆ, ನೀರಿಗೆ ಪೀಪಾಯಿ. ನಾವು ಮೂರು ಮಕ್ಕಳು ಬೇಸಿಗೆ ರಜೆ ಕಳೆದದ್ದೆಲ್ಲ ಅದರಲ್ಲೇ. ಆ ಕಾಲದ ಎಷ್ಟೋ ಫಾರ್ಗೋ, ಡಾಡ್ಜ್ ಲಾರಿಗಳ ಪೆಟ್ರೋಲ್ ಎಂಜಿನ್ ತೆಗೆದು ಪರ್ಕಿನ್ಸ್ ಡೀಸೆಲ್ ಕೂರಿಸಿಬಿಟ್ಟರು. ಅಪ್ಪ ಒಪ್ಪಲಿಲ್ಲ. ಹಾಗಾಗಿ ನಮ್ಮದರಲ್ಲಿ ಇವತ್ತಿಗೂ ಅದರ ಜೊತೆ ಬಂದ ಆರು ಸಿಲಿಂಡರಿನ ಫ್ಲಾಟ್‌ಹೆಡ್ ಪೆಟ್ರೋಲ್ ಎಂಜಿನ್ನೇ ಇದೆ. ಅಪ್ಪ ಹೋಗಿ ಆರು ವರ್ಷವಾಯಿತು. ವ್ಯಾನ್ ಉಳಿದಿದೆ.

ಕಳೆದ ನವೆಂಬರಿನಲ್ಲಿ ಅಮ್ಮನನ್ನು ತಲಕಾವೇರಿಗೆ ಕರೆದುಕೊಂಡು ಹೊರಟೆವು. ಜೊತೆಗೆ ನಮ್ಮ ಬೀದಿಯವರೆಲ್ಲ ನರ್ಸಮ್ಮ ಅಂತಲೇ ಕರೆಯುವ ನಮ್ಮ ನೆರೆಮನೆಯವರು. ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಗಿದೆ. ಬೆಳಗಿನ ಚಳಿ, ಕಿಟಕಿಗಳೆಲ್ಲ ಮುಚ್ಚಿದ್ದೆವು. ಹುಣಸೂರು ದಾಟುವ ಹೊತ್ತಿಗೆ ಅಮ್ಮ ತಲೆ ಹಿಡಿದುಕೊಂಡು ಕೂತರು. ಪಿರಿಯಾಪಟ್ಟಣದಲ್ಲಿ ಕಾಫಿಗೆ ಇಳಿದೆವು. ಅರ್ಧ ಗಂಟೆಯಲ್ಲಿ ಸರಿಹೋದರು. ಮತ್ತೆ ಹತ್ತಿದೆವು, ಮತ್ತೆ ತಲೆನೋವು. ಈ ಸಲ ಮಗಳೂ ವಾಂತಿ ಮಾಡಿಕೊಂಡಳು. ಪಿತ್ತ ಅಂದೆ ನಾನು. ಖಾಲಿ ಹೊಟ್ಟೆ ಅಂದಳು ಹೆಂಡತಿ. ಕೊರೋನಾ ಕಾಲದಿಂದ ಬ್ಯಾಗಿನಲ್ಲೇ ಇರುವ ಆಕ್ಸಿಮೀಟರ್ ತೆಗೆದು ಅಮ್ಮನ ಬೆರಳಿಗೆ ಹಾಕಿದೆ. 98 ತೋರಿಸಿತು. ಸದ್ಯ, ಏನೂ ಇಲ್ಲ ಅಂದುಕೊಂಡೆ.

ನರ್ಸಮ್ಮ ಮಾತ್ರ ಸುಮ್ನೆ ಕೂರಲಿಲ್ಲ. "ಗಾಡಿ ನಿಲ್ಲಿಸು. ಎಲ್ಲರೂ ಇಳೀರಿ. ಇಳಿದರೆ ಕಡಿಮೆ, ಹತ್ತಿದರೆ ಜಾಸ್ತಿ. ಕಾಯಿಲೆ ಇವರದ್ದಲ್ಲ, ಗಾಡಿದು" ಅಂದರು. ಆಕ್ಸಿಮೀಟರ್ ನಂಬಬೇಡ ಅಂತಲೂ ಹೇಳಿದರು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ತುಂಬಿದ ರಕ್ತವೂ ಕೆಂಪಗೇ ಇರುತ್ತದೆ. ಮನೆಯಲ್ಲಿಟ್ಟುಕೊಳ್ಳುವ ಆ ಪುಟ್ಟ ಯಂತ್ರಕ್ಕೆ ಅದಕ್ಕೂ ಆಮ್ಲಜನಕ ತುಂಬಿದ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಬೇರೆ ಗಾಡಿ ಮಾಡಿಕೊಂಡು ಮೈಸೂರಿಗೆ ವಾಪಸ್ ಬಂದು ಆಸ್ಪತ್ರೆಗೆ ಸೇರಿಸಿದೆವು. ರಕ್ತ ಪರೀಕ್ಷೆಯಲ್ಲಿ ನರ್ಸಮ್ಮನ ಮಾತೇ ನಿಜವಾಯಿತು. ಅಜ್ಜಿ, ಮೊಮ್ಮಗಳು ಇಬ್ಬರಿಗೂ ಮುಖಕ್ಕೆ ಮಾಸ್ಕ್ ಹಾಕಿ ಗಂಟೆಗಟ್ಟಲೆ ಆಮ್ಲಜನಕ ಕೊಟ್ಟರು. ಆವತ್ತು ರಾತ್ರಿ ಕುಶಾಲನಗರದ ಆಚೆ ಎಲ್ಲೋ ವ್ಯಾನ್ ನಿಲ್ಲಿಸಿ, ಹಿಂದಿನ ಹಾಗೆ ಚಳಿಗೆ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಮಲಗುವುದಿತ್ತು. ನರ್ಸಮ್ಮ, ನೀವು ಆವತ್ತು ಬರದೇ ಇದ್ದಿದ್ದರೆ ಅನ್ನುವ ಯೋಚನೆ ಬಂದರೆ ಇವತ್ತಿಗೂ ನನ್ನ ಕೈ ನಡುಗುತ್ತದೆ. ನಿಮ್ಮ ಋಣ ನಾನು ತೀರಿಸಲಾರೆ.

ಹೊಗೆ ಎಲ್ಲಿಂದ ಅನ್ನುವುದು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೈಸೂರಿನ ಬಂಬೂಬಜಾರಿನಲ್ಲಿ ಒಂದು ಕಾಲಕ್ಕೆ ಖಾಸಗಿ ಬಸ್ಸುಗಳ ಎಂಜಿನ್ ಬಿಚ್ಚುತ್ತಿದ್ದ ಹಿರಿಯ ಮೇಸ್ತ್ರಿ ಒಬ್ಬರಿದ್ದಾರೆ. ವಯಸ್ಸು 74. ಬೆಳಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ ಕಿವಿ ಕೊಟ್ಟು ನಿಂತರು. ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು. ಎಂಜಿನ್ ಬಿಸಿಯಾದ ಮೇಲೆ ಸದ್ದು ಅಡಗಿತು. ನಾನು ವರ್ಷದಿಂದ ಕೇಳುತ್ತಿದ್ದ ಸದ್ದೇ ಅದು, ವಾಲ್ವಿನದ್ದು ಅಂದುಕೊಂಡಿದ್ದೆ. "ಬಿರುಕು ಬಿಟ್ಟಿದೆ. ಕಾದರೆ ಹಿಗ್ಗಿ ಮುಚ್ಕೊಳ್ಳುತ್ತೆ, ತಣ್ಣಗಾದರೆ ಬಾಯಿ ಬಿಡುತ್ತೆ" ಅಂದರು. ಮ್ಯಾನಿಫೋಲ್ಡ್, ಅಂದರೆ ಆರೂ ಸಿಲಿಂಡರಿನ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರಿನ ಕಡೆ ಕಳಿಸುವ ಬೀಡು ಕಬ್ಬಿಣದ ಕೊಳವೆ, ಬಿಚ್ಚಿದಾಗ ಹಿಂದಿನ ತುದಿಯಲ್ಲಿ ಕೂದಲೆಳೆಯಂಥ ಗೆರೆ. ಸುತ್ತ ಕಾಡಿಗೆ ತೀಡಿದ ಹಾಗೆ ಮಸಿ. ಹೊಗೆ ಹೊರಬರುವ ಬಾಯಿಗಳಲ್ಲಿ (ಪೋರ್ಟ್) ಕೊನೆಯ ಎರಡರ ಮುಖ ಸುಟ್ಟು ಸವೆದು, ಸಂದು ಮುಚ್ಚುವ ಗ್ಯಾಸ್ಕೆಟ್ ಪುಡಿಯಾಗಿತ್ತು. ಅಲ್ಲಿಂದ ಬಂದ ಹೊಗೆ ಗೇರ್ ಲಿವರಿನ ಹರಿದ ರಬ್ಬರ್ ಮತ್ತು ತಗಡಿನ ತೂತುಗಳ ಮೂಲಕ ಸೀದಾ ಒಳಗೆ.

ಆಮೇಲೆ ಅವರು ನನ್ನ ಅಂಗೈ ಮೇಲೆ ಎರಡು ನಟ್ ಇಟ್ಟರು. ಒಂದು ನಮ್ಮ ಗಾಡಿಯಿಂದ ಬಿಚ್ಚಿದ ಸಾಮಾನ್ಯ ಕಬ್ಬಿಣದ ನಟ್. ಇನ್ನೊಂದು ಅವರ ಡಬ್ಬಿಯಲ್ಲಿದ್ದ ಹಳೆಯ ಹಿತ್ತಾಳೆ ನಟ್, ಒಂದು ಕಡೆ ಬುಗುರಿಯ ಹಾಗೆ ಓರೆ. ಈ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಎರಡೂ ತುದಿಯಲ್ಲಿ ಇಂಥ ಓರೆ ನಟ್ಟೇ ಇರಬೇಕಂತೆ. ಬೀಡು ಕಾದು ಹಿಗ್ಗಿದಾಗ ತುದಿಗಳು ಅದರಡಿ ಸ್ವಲ್ಪ ಜಾರಬೇಕು. ಎರಡು ವರ್ಷದ ಹಿಂದೆ ಎಂಜಿನ್ ಬಿಚ್ಚಿದ ಒಂದು ಗ್ಯಾರೇಜಿನಲ್ಲಿ ಹಿತ್ತಾಳೆ ನಟ್ ತೆಗೆದು ಮಾಮೂಲಿ ನಟ್ ಹಾಕಿ, ಸ್ಪ್ಯಾನರಿಗೆ ಉದ್ದ ಪೈಪ್ ಕೊಟ್ಟು ಬಿಗಿದಿದ್ದರು. ಜಾರಲು ಜಾಗ ಸಿಗದೆ ಬೀಡು ಸೀಳಿತು. ಇಷ್ಟು ಸಣ್ಣ ವಸ್ತುವಿನಿಂದ ಇಷ್ಟೆಲ್ಲ ಆಯ್ತಲ್ಲ ಅಂತ ಬಹಳ ಸಂಕಟವಾಯಿತು. ಆ ಹಿತ್ತಾಳೆ ನಟ್ ಈಗ ಅಪ್ಪನ ಫೋಟೋ ಮುಂದೆ ಇದೆ. ಮೇಸ್ತ್ರಿಗಳೇ, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟಿರಿ. ಸುಳ್ಳು ಭರವಸೆ ಕೊಡಲಿಲ್ಲ. ಅದು ದೊಡ್ಡದು.

ಮೊದಲು ಬೆಸುಗೆ ಹಾಕಿ ನೋಡಿದೆವು. ಶ್ರೀರಂಗಪಟ್ಟಣದ ಹತ್ತಿರ ನನ್ನ ಗೆಳೆಯನ ಆಲೆಮನೆ ಇದೆ. ಒಲೆಯ ಕೆಂಡದಲ್ಲಿ ಮ್ಯಾನಿಫೋಲ್ಡ್ ಕಾಯಿಸಿ, ನಿಕ್ಕಲ್ ಕಡ್ಡಿಯಲ್ಲಿ ಒಂದೊಂದೇ ಇಂಚು ಬೆಸುಗೆ ಹಾಕಿ, ಮೆಲ್ಲಗೆ ಸುತ್ತಿಗೆಯಲ್ಲಿ ತಟ್ಟಿ, ರಾತ್ರಿಯಿಡೀ ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಹೂತಿಟ್ಟೆವು. ಬೀಡು ಬೇಗ ತಣ್ಣಗಾದರೆ ಮತ್ತೆ ಒಡೆಯುತ್ತದೆ. ಬೆಳಗ್ಗೆ ತೆಗೆದಾಗಲೂ ಬೂದಿಯೊಳಗೆ ಬೆಚ್ಚಗಿತ್ತು. ಮೂರು ವಾರ ಚೆನ್ನಾಗಿತ್ತು. ಆಮೇಲೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು. ಎಪ್ಪತ್ತು ವರ್ಷ ಬೆಂದ ಬೀಡು, ಅದನ್ನು ಇನ್ನು ಹಿಂಸಿಸಬಾರದು ಅನಿಸಿತು. ಬೇರೆ ಮ್ಯಾನಿಫೋಲ್ಡಿಗಾಗಿ ಗುಜರಿ ಗುಜರಿ ಅಲೆದೆ. ಸಿಕ್ಕಿದ್ದು ಒಂದೇ, ಅದೂ ಬಾಳೆಕಾಯಿಯ ಹಾಗೆ ಬಾಗಿತ್ತು.

ಬೀಡಿನ ಮ್ಯಾನಿಫೋಲ್ಡಿನ ಬದಲು ಪೈಪುಗಳನ್ನು ಬೆಸೆದು ಹೆಡರ್ ಮಾಡಿಸೋಣ ಅಂದದ್ದು ಮಂಡ್ಯದ ಒಬ್ಬ ಯಜಮಾನರು. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಜೀವನವೆಲ್ಲ ಹಬೆ ಪೈಪುಗಳ ಜೊತೆ ಕಳೆದವರು. ಅವರಿಗೆ ಫಾರ್ಗೋ ಗೊತ್ತಿರಲಿಲ್ಲ. ಆದರೆ ಕಾದ ಲೋಹ ಏನು ಮಾಡುತ್ತದೆ ಅಂತ ಅವರಷ್ಟು ಬಲ್ಲವರನ್ನು ನಾನು ನೋಡಿಲ್ಲ. ಸಿಮೆಂಟ್ ಚೀಲದ ಕಾಗದ ಹರಿದು ಅದರ ಮೇಲೆ ಲೆಕ್ಕ ಬರೆದರು. ಎರಡಡಿ ಉದ್ದದ ಬೀಡು 400 ಡಿಗ್ರಿ ಬಿಸಿಯೇರಿದರೆ ಎರಡೂವರೆ ಮಿಲಿಮೀಟರ್‌ಗೂ ಸ್ವಲ್ಪ ಹೆಚ್ಚೇ ಬೆಳೆಯುತ್ತದೆ. "ಒಂದೇ ಉದ್ದ ತುಂಡು ಯಾಕೆ ಬೇಕು? ಎರಡು ಮಾಡು. ಮುಂದಿನ ಮೂರು ಸಿಲಿಂಡರಿಗೆ ಒಂದು, ಹಿಂದಿನ ಮೂರಕ್ಕೆ ಒಂದು. ಬೆಳೆಯೋದೂ ಅರ್ಧ ಆಗುತ್ತೆ" ಅಂದರು.

ಮೇಸ್ತ್ರಿಗಳಿಗೆ ಇದನ್ನು ಹೇಳಿದೆ. ಅವರ ಕಣ್ಣು ಅರಳಿತು. ಈ ಎಂಜಿನ್ ಕಿಡಿ ಹೊತ್ತುವ ಕ್ರಮ 1-5-3-6-2-4. ನೋಡಿ, ಮುಂದಿನ ಮೂರರಲ್ಲಿ ಒಂದು, ಹಿಂದಿನ ಮೂರರಲ್ಲಿ ಒಂದು, ಹೀಗೆ ಸರದಿ. ಎರಡು ಪಾಲು ಮಾಡಿದರೆ ಪ್ರತಿ ಪಾಲಿಗೂ ಎಂಜಿನ್ 240 ಡಿಗ್ರಿ ತಿರುಗಿದಾಗೆಲ್ಲ ಒಂದು ಸಲ, ಸಮವಾಗಿ ಹೊಗೆಯ ಅಲೆ ಬರುತ್ತದೆ. ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಮಂಡ್ಯದ ಹಬೆ ಲೆಕ್ಕ, ಮೈಸೂರಿನ ಎಂಜಿನ್ ಲೆಕ್ಕ ಎರಡೂ ಒಂದೇ ಉತ್ತರಕ್ಕೆ ಬಂದವು. ಇಬ್ಬರೂ ಆವರೆಗೆ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಈಗ ದಿನಾ ಫೋನಿನಲ್ಲಿ ಮಾತಾಡುತ್ತಾರೆ.

ಮಳೆಗಾಲದಲ್ಲಿ ಗೆಳೆಯನ ಗಾಣ ನಿಂತಿತ್ತು. ಎರಡೂವರೆ ತಿಂಗಳು ಆಲೆಮನೆಯ ಚಪ್ಪರವನ್ನೇ ನಮಗೆ ಬಿಟ್ಟುಕೊಟ್ಟ. ಕರೆಂಟ್ ಬಿಲ್ಲೂ ಕೇಳಲಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನವರು 12 ಮಿಲಿಮೀಟರ್ ದಪ್ಪದ ಪ್ಲೇಟಿನಲ್ಲಿ ಫ್ಲೇಂಜ್, ಅಂದರೆ ಪೈಪುಗಳನ್ನು ಎಂಜಿನ್ನಿಗೆ ಕೂರಿಸುವ ಚಪ್ಪಟೆ ಪಟ್ಟಿ, ಕತ್ತರಿಸಿ ಕೊಟ್ಟರು. ಬರೀ ಎರಡು ತುಂಡಿನ ಕೆಲಸ ಅಂತ ಮುಖ ತಿರುಗಿಸಲಿಲ್ಲ.

ಬೆಸುಗೆ ಹಾಕಿದ್ದು ಐಟಿಐ ಮುಗಿಸಿ ಮೂರು ವರ್ಷವಾದ ಪಾಂಡವಪುರದ ಕಡೆಯ ಹುಡುಗಿ. ಅವಳ ಬಗ್ಗೆ ಎಷ್ಟು ಬರೆದರೂ ಸಾಲದು. ಎಂಜಿನ್ ಬ್ಲಾಕಿನಲ್ಲಿ ತುಕ್ಕು ಹಿಡಿದ ಎರಡು ಸ್ಟಡ್ (ತಲೆಯಿಲ್ಲದ ಬೋಲ್ಟ್) ಬಿಚ್ಚುವಾಗ ಮುರಿದವು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅವಳು ಮುರಿದ ಮೊಂಡಿಯ ಮೇಲೆ ಒಂದು ನಟ್ ಇಟ್ಟು, ಒಳಗಡೆಯಿಂದ ಬೆಸುಗೆ ತುಂಬಿ, ಇನ್ನೂ ಕೆಂಪಗಿರುವಾಗಲೇ ಮೇಣದ ಬತ್ತಿ ಮುಟ್ಟಿಸಿದಳು. ಮೇಣ ಕರಗಿ ತಿರುಪಿನ ಸಂದಿಗಳೊಳಗೆ ಇಳಿಯಿತು. ಸ್ಪ್ಯಾನರ್ ಹಾಕಿ ಹಿಂದಕ್ಕೆ ಮುಂದಕ್ಕೆ ಆಡಿಸಿದಳು. ಕಿರ್ ಅಂತ ಸದ್ದು ಮಾಡಿ ಮೊದಲನೆಯದು ಬಂತು, ಐದು ನಿಮಿಷಕ್ಕೆ ಎರಡನೆಯದೂ ಬಂತು. ಹೆಡರಿನ ಒಂದೂವರೆ ಇಂಚಿನ ಆರು ಪೈಪುಗಳನ್ನೂ ಅವಳೇ ಕೂರಿಸಿದ್ದು. ಫ್ಲೇಂಜನ್ನು ಒಂದು ಹಾಳಾದ ಬ್ಲಾಕಿಗೆ ಬಿಗಿದಿಟ್ಟೇ ಟಿಗ್ ವೆಲ್ಡಿಂಗ್ ಮಾಡಿದಳು. ಇಲ್ಲದಿದ್ದರೆ ಬಿಸಿಗೆ ಸೊಟ್ಟಗಾಗುತ್ತದಂತೆ. ಅಷ್ಟಾದರೂ ಕೂದಲಷ್ಟು ಬಾಗಿತ್ತು. "ಅಂಕಲ್, ಇದು ಹೀಗೇ ಹೋಗಬಾರದು, ಒಳಗೆ ಅಜ್ಜಿ ಕೂರ್ತಾರೆ" ಅಂತ ಅವಳೇ ಹಟ ಹಿಡಿದು ಮುಖ ಗ್ರೈಂಡ್ ಮಾಡಿಸಿದಳು. ಮಗಳೇ, ನಿನ್ನ ಕೈ ಚೆನ್ನಾಗಿರಲಿ.

ಪವರ್ ಜಾಸ್ತಿ ಆಗಲಿ ಅಂತ ಹೆಡರ್ ಹಾಕಿಸಿದ್ದಲ್ಲ ಅಂತ ಹೇಳಬೇಕು. ಕೆಲವರು ಕೇಳಿದರು. ಸದ್ದು ಕೂಡ ಬೇಡ ಅಂತಲೇ ಎರಡೂ ಪೈಪುಗಳನ್ನು ಬಾಗುವ ಬೆಲ್ಲೋಸ್ ಹಾಕಿ ಮುಂದೆ ಒಂದಾಗಿಸಿ, ಒಂದೇ ಸೈಲೆನ್ಸರಿಗೆ ಕೊಟ್ಟಿದ್ದೇವೆ. ಹೆಡರ್ ಹಾಕಿದರೆ ಹೊಸ ತಲೆನೋವುಗಳೂ ಇವೆ. ತೆಳು ಪೈಪು ಬೀಡಿಗಿಂತ ಹೆಚ್ಚು ಬಿಸಿ ಕಕ್ಕುತ್ತದೆ. ಶಾಖ ತಡೆಯುವ ಪಟ್ಟಿ ಸುತ್ತಿದರೆ ನೀರು ಹಿಡಿದು ಬೇಗ ತುಕ್ಕು, ಹಾಗಾಗಿ ನಡುವೆ ತಗಡಿನ ಮರೆ ಕಟ್ಟಿದೆವು. ಹಳೆಯ ಮ್ಯಾನಿಫೋಲ್ಡಿನ ಶಾಖವೇ ಮೇಲಿನ ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಹೋಗುವ ಪೆಟ್ರೋಲನ್ನು ಆವಿ ಮಾಡುತ್ತಿತ್ತು. ಅದು ತಪ್ಪಿದ್ದಕ್ಕೆ ಬೆಳಗಿನ ಹೊತ್ತು ಎಂಜಿನ್ ಮುಗ್ಗರಿಸತೊಡಗಿತು. ರೇಡಿಯೇಟರಿನ ಬಿಸಿನೀರಿನ ಒಂದು ತಾಮ್ರದ ಕೊಳವೆಯನ್ನು ಕಾರ್ಬ್ಯುರೇಟರಿನ ಬುಡಕ್ಕೆ ಸುತ್ತಿಸಿದ ಮೇಲೆ ಸರಿಹೋಯಿತು. ಇದು ಮೇಸ್ತ್ರಿಗಳ ಉಪಾಯ.

ಕೊನೆಗೆ ಪರೀಕ್ಷೆ. ವ್ಯಾಕ್ಯೂಮ್ ಕ್ಲೀನರನ್ನು ಉಲ್ಟಾ ಮಾಡಿ ಸೈಲೆನ್ಸರಿಗೆ ಗಾಳಿ ಊದಿ, ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿದೆವು. ಮಗಳು ಟಾರ್ಚ್ ಹಿಡಿದು ಗುಳ್ಳೆ ಹುಡುಕಿದಳು. ನಾಲ್ಕನೇ ಪೋರ್ಟಿನಲ್ಲಿ ಒಂದೇ ಒಂದು ಗುಳ್ಳೆ ಬಂತು. ಮತ್ತೆ ಬಿಗಿದೆವು. ಮೂರು ಸಲ ಎಂಜಿನ್ ಕಾಯಿಸಿ, ತಣ್ಣಗಾದ ಮೇಲೆ ಮತ್ತೆ ಮತ್ತೆ ನಟ್ ಬಿಗಿದೆವು. ಗೇರ್ ಲಿವರಿನ ರಬ್ಬರ್ ಹೊಸದು, ತಗಡಿನ ತೂತುಗಳೆಲ್ಲ ಬಂದ್. ಮಲಗುವ ಎತ್ತರಕ್ಕೆ ಕಾರ್ಬನ್ ಮಾನಾಕ್ಸೈಡ್ ಅಲಾರಂ. ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿ ಮಲಗುವುದು ಮಾತ್ರ ಇನ್ನು ಎಂದಿಗೂ ಇಲ್ಲ. ಹಳೆ ಪೆಟ್ರೋಲ್ ಗಾಡಿಯನ್ನು ಮನೆ ಮಾಡಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಅಲಾರಂ ಇವತ್ತೇ ತನ್ನಿ.

ಈ ಹತ್ತು ತಿಂಗಳಲ್ಲಿ ಒಂದು ಸಲವೂ "ಮಾರಿಬಿಡಿ" ಅನ್ನದ ಹೆಂಡತಿಗೆ, ಭಾನುವಾರಗಳನ್ನೆಲ್ಲ ಕೊಟ್ಟ ತಮ್ಮನಿಗೆ, ಊಟ ಕಳಿಸಿದ ಗೆಳೆಯನ ಮನೆಯವರಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಮೇಲುಕೋಟೆಗೆ ಜಕ್ಕನಹಳ್ಳಿಯಿಂದ ಮೇಲೆ ಹತ್ತುವಾಗ ಫಸ್ಟ್ ಗೇರಿಗೆ ಇಳಿಯಬೇಕಾಗುತ್ತಿದ್ದ ತಿರುವನ್ನು ಈ ಸಲ ಸೆಕೆಂಡಿನಲ್ಲೇ ದಾಟಿತು. ಅಲಾರಮ್ಮಿನ ಮೇಲೆ ಇಡೀ ದಾರಿ 0. ಪುಳಿಯೋಗರೆ ತಿಂದು, ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ವಾಪಸ್ ಹೊರಟಾಗ ಅಮ್ಮ ಹಾಸಿಗೆ ಬಿಚ್ಚಿಸಿಕೊಂಡು ಮಲಗಿದರು. ಬಾಬುರಾಯನಕೊಪ್ಪಲು ದಾಟುವವರೆಗೂ ಮಗಳು ಎರಡು ಸಲ ಅಜ್ಜಿಯನ್ನು ಅಲುಗಾಡಿಸಿ ಎಬ್ಬಿಸಿ ನೋಡಿದಳು. ಎರಡನೇ ಸಲ ಅಮ್ಮ ಬೈದರು. "ನಿದ್ದೆ ಮಾಡೋಕೆ ಬಿಡೇ, ಚೆನ್ನಾಗಿದ್ದೀನಿ."

ಬರುವ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಡುತ್ತಿದ್ದೇವೆ, ಅರ್ಧಕ್ಕೆ ನಿಂತ ಪ್ರಯಾಣ ಅದು. ನರ್ಸಮ್ಮ, ಅಮ್ಮನ ಎದುರಿನ ಬೆಂಚು ನಿಮ್ಮದು. ಬೆಳಗ್ಗೆ ಐದಕ್ಕೆ ಮನೆ ಹತ್ತಿರ ಬರುತ್ತೇವೆ.