ಭೀಮೆಯ ಕಸಕ್ಕೆ ಬಣ್ಣ ಬಳಿಯಬೇಡಿ

ಮಾನ್ಯ ಸಂಪಾದಕರೇ,

ಕಡಲ ಕಸದಿಂದ ಮಾಡಿದ ಕಲಾಕೃತಿಗಳ ಚಿತ್ರಗಳನ್ನು ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಅಮೆರಿಕದ ಓರೆಗಾನ್ ಕರಾವಳಿಯ ಬ್ಯಾಂಡನ್ ಊರಲ್ಲಿ ಏಂಜೆಲಾ ಹೇಸಲ್ಟೈನ್ ಪೊಜ್ಜಿ 2010ರಲ್ಲಿ ‘ವಾಶ್ಡ್ ಅಶೋರ್’ ಎಂಬ ಕಲಾ ಯೋಜನೆ ಆರಂಭಿಸಿದರು. ಅಲ್ಲಿ ದಡಕ್ಕೆ ಬಂದ ಪ್ಲಾಸ್ಟಿಕ್ಕನ್ನು ತೊಳೆದು, ಬಣ್ಣದ ಪ್ರಕಾರ ವಿಂಗಡಿಸಿ ದೊಡ್ಡ ದೊಡ್ಡ ಜಲಚರಗಳನ್ನು ಕಟ್ಟುತ್ತಾರೆ. ಮಕ್ಕಳಿಗೆ ತೋರಿಸಿದರೆ ಎಂಟನೆಯ ತರಗತಿಯ ಹುಡುಗನೊಬ್ಬ, ‘ಟೀಚರ್, ನಮ್ಮ ಕಡಿ ಸಮುದ್ರ ಎಲ್ಲದ್ರೀ?’ ಅಂದ.

ಸಮುದ್ರವಿಲ್ಲ, ಭೀಮಾ, ಅಮರಜಾ ನದಿಗಳು ಕೂಡುವ ಗಾಣಗಾಪುರದ ಸಂಗಮವಿದೆ. ಭೀಮೆಗೆ ಇಲ್ಲಿ ಬಿದ್ದದ್ದು ಸನ್ನತಿ ಬ್ಯಾರೇಜಿನಲ್ಲಿ ಒಂದಿಷ್ಟು ತಡೆದು ನಿಂತೀತು. ಹೊಳಿ ಬಂದು ಗೇಟು ತೆಗೆದರೆ ಕೃಷ್ಣೆಯ ಪಾಲು. ಎಲ್ಲವೂ ಕೃಷ್ಣೆ ಸಮುದ್ರ ಸೇರುವ ಆಂಧ್ರದ ಹಂಸಲದೀವಿಯ ಕಡಲು ಮುಟ್ಟುವುದಿಲ್ಲ. ದಾರಿಯಲ್ಲೇ ಚೂರಾಗಿ ಹೂಳಿಗೆ ಸೇರುವುದೂ ಉಂಟು.

ಸಂಗಮದ ಮೆಟ್ಟಿಲ ಬಳಿ ಆರಿಸಿದ ಕಸದಲ್ಲೇ ಮಕ್ಕಳು ಮೀನು ಕಟ್ಟಿದರು. ಬಿದಿರಿನ ಸೀಳು, ಬೈಂಡಿಂಗ್ ತಂತಿಯ ಹಂದರ. ಗುಟ್ಕಾ ಚೀಟಿಗಳ ಬೆಳ್ಳಿಬಣ್ಣದ ಒಳಮೈ ಹೊರಗೆ ಮಾಡಿ ಪೊರೆ ಪೊರೆಯಾಗಿ ಹೊಂದಿಸಿದರು. ಈಜುರೆಕ್ಕೆಗೆ ಹವಾಯಿ ಚಪ್ಪಲಿ, ಹೊಟ್ಟೆಗೆ ಕರ್ಪೂರ, ಕುಂಕುಮದ ಪಾಕೀಟು. ಹಾಲಿನ ಪಾಕೀಟಿನಿಂದ ಕತ್ತರಿಸಿ ಎಸೆದ ಮೂಲೆಗಳು ಮಾತ್ರ ಹೆಚ್ಚು ಕೈಗೆ ಸಿಗಲಿಲ್ಲ. ಸಿಕ್ಕವು ಮಣ್ಣಲ್ಲಿ ಹೂತು ಉಗುರಿನಷ್ಟೇ ಕಾಣುತ್ತಿದ್ದವು.

ಪರಿಸರ ದಿನದ ಕಾರ್ಯಕ್ರಮಕ್ಕೆ ಇದನ್ನು ಒಯ್ದರೆ, ಸಂಘಟಕರೊಬ್ಬರು ‘ಮ್ಯಾಲ ಒಂದ್ ಕೈ ನೀಲಿ ಪೇಂಟ್ ಹೊಡಸ್ರಿ ಮೇಡಂ, ಚಂದ ಕಾಣ್ತದ’ ಎಂದರು. ನಾನು ಒಪ್ಪಲಿಲ್ಲ. ಗುಟ್ಕಾದ ಹೆಸರು, ಅಂಗಡಿಯ ವಿಳಾಸ ಕಾಣದಿದ್ದರೆ ಅದು ಬರೀ ಮೀನಿನ ಬೊಂಬೆ. ತಿಂದವರಿಗೆ, ಮಾರಿದವರಿಗೆ ತಮ್ಮ ಚೀಟಿಯ ಗುರುತು ಹತ್ತಬೇಕು. ಅಂದಹಾಗೆ, ವೇದಿಕೆಯ ಹಿಂದೆ ಕಟ್ಟಿದ್ದು ಫ್ಲೆಕ್ಸ್! ನಮ್ಮ ರಾಜ್ಯದಲ್ಲಿ 2016ರಲ್ಲೇ ಅದಕ್ಕೆ ನಿಷೇಧ ಬಂದಿದೆ. ಭಾಷಣ ಮಾಡಿದ ಯಾರೂ ಹಿಂದೆ ತಿರುಗಿ ನೋಡಲಿಲ್ಲ.

ಮೀನು ಈಗ ಶಾಲೆಯ ಸ್ಟೋರ್ ರೂಮಿನಲ್ಲಿದೆ. ಅದು ಇರಬೇಕಾದ್ದು ಸಂಗಮದಲ್ಲಿ, ಪೂಜಾ ಸಾಮಾನಿನ ಅಂಗಡಿಗಳ ಎದುರಿಗೆ. ದತ್ತ ಜಯಂತಿಗೆ ಲಕ್ಷಾಂತರ ಜನ ಬರುತ್ತಾರೆ. ಅಷ್ಟರೊಳಗೆ ಅಲ್ಲಿ ಒಂದು ಕಟ್ಟೆಯಷ್ಟು ಜಾಗ ಬಿಟ್ಟುಕೊಡಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ. ಜೊತೆಗೆ, ಹೂವು, ಕುಂಕುಮವನ್ನು ಮುತ್ತುಗದ ಎಲೆಯಲ್ಲೋ ಕಾಗದದಲ್ಲೋ ಕಟ್ಟಿಕೊಡುವಂತೆ ಅಂಗಡಿಯವರಿಗೆ ಹೇಳಲಿ.

— ಚಿತ್ರಕಲಾ ಶಿಕ್ಷಕಿ,
ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ