ಕೌದಿಯ ಬಿಲ್ಲು ಬೇರೆ, ದೇಣಿಗೆ ಬೇರೆ

ನಮ್ಮ ಟ್ರಸ್ಟಿನ ಅಂಗಡಿಯಿಂದ ಕೌದಿ, ಅಂದರೆ ಹಳೆ ಸೀರೆಗಳ ಪದರ ಸೇರಿಸಿ ಹೊಲಿದ ಹೊದಿಕೆ, ಕೊಳ್ಳುವ, ಜೊತೆಗೆ ಟ್ರಸ್ಟು ನಡೆಸುವ ಹೊಲಿಗೆ ತರಬೇತಿಗೂ ಸಂಜೆ ಶಾಲೆಗೂ ದೇಣಿಗೆ ಕೊಡುತ್ತ ಬಂದಿರುವ ಎಲ್ಲರಿಗೂ ನಮಸ್ಕಾರ.

ಬರುವ ಏಪ್ರಿಲ್ 1ರಿಂದ ಬಿಲ್ಲಿನ ಕೆಳಗೆ 'ಶಾಲೆಗೆ ಇಷ್ಟು ಸೇರಿಸಿ' ಎಂಬ ಸಾಲು ಇರುವುದಿಲ್ಲ. ಕೌದಿಯ ಹಣ ಕೌದಿಗೆ, ದೇಣಿಗೆ ದೇಣಿಗೆಯ ಖಾತೆಗೆ. ಹೊರದೇಶದಲ್ಲಿರುವ ಕೆಲವರು ಕಳಿಸಿದ ಹಣವನ್ನು ಬ್ಯಾಂಕಿನವರು ಜಮಾ ಮಾಡುವ ಮೊದಲು 'ಇದು ಯಾತಕ್ಕೆ ಬಂದದ್ದು' ಎಂದು ಕೇಳಿದಾಗ ವಾಪಸ್ ಕಳಿಸಲು ನಾವೇ ಹೇಳಿದೆವು. ನಿಮಗೆ ಮೊದಲೇ ಫೋನ್ ಮಾಡಿ ತಿಳಿಸಲಿಲ್ಲ, ಅದಕ್ಕೆ ಕ್ಷಮೆ ಇರಲಿ. ವಾಪಸ್ ಕಳಿಸಿದ್ದಕ್ಕೆ ಮಾತ್ರ ಕ್ಷಮೆ ಕೇಳಲಾರೆವು. ಆ ಹಣ ಅಂಗಡಿಯ ಖಾತೆಗೆ ಬಿದ್ದಿದ್ದರೆ, ವಿದೇಶಿ ದೇಣಿಗೆ ಪಡೆಯಲು ಟ್ರಸ್ಟಿಗಿರುವ ನೋಂದಣಿಗೇ ಕುತ್ತು ಬರುತ್ತಿತ್ತು.

'ನಾವು ಧಾರವಾಡದವರೇ, ನಮ್ಮ ದುಡ್ಡು ವಿದೇಶಿ ಹೇಗಾಯಿತು?' ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದಿರೋ ಲೆಕ್ಕವಿಲ್ಲ. ಕೆಲವರ ಮಾತಿನಲ್ಲಿ ನೋವಿತ್ತು, ಕೆಲವರದರಲ್ಲಿ ಸಿಟ್ಟು. ವಿದೇಶಿ ದೇಣಿಗೆ ನಿಯಂತ್ರಣದ 2010ರ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ನಿಮ್ಮ ಹುಟ್ಟೂರು ಯಾವುದೆಂದು ಕೇಳುವುದಿಲ್ಲ, ಯಾವ ದೇಶದ ಪಾಸ್‌ಪೋರ್ಟ್ ಎಂದು ಕೇಳುತ್ತದೆ. ಅಣ್ಣ ಇಪ್ಪತ್ತು ವರ್ಷದಿಂದ ದುಬೈನಲ್ಲಿದ್ದಾನೆ, ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದೆ ಎಂದುಕೊಳ್ಳಿ. ಅವನು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ದೇಶದೊಳಗಿನ ದೇಣಿಗೆಯೇ. ಪಾಸ್‌ಪೋರ್ಟಿನ ಪ್ರತಿಯೊಂದು ನಮ್ಮ ಕಡತದಲ್ಲಿರಬೇಕು, ಅಷ್ಟೆ. ಅವನ ತಮ್ಮ ಅಮೆರಿಕದ ಪೌರ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡಿನವ. ಅವನು ರಜೆಗೆ ಬಂದು ಧಾರವಾಡದ ಮಾಳಮಡ್ಡಿಯ ಮನೆಯಲ್ಲೇ ಕೂತು, ಇಲ್ಲಿನದೇ ಖಾತೆಯಿಂದ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಒಸಿಐ ಕಾರ್ಡ್ ಇದ್ದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ಅಲ್ಲಿ ನೋಂದಣಿಯಾದ ಕನ್ನಡ ಕೂಟ ಕೊಟ್ಟರೂ, ಅಲ್ಲಿನ ನಿಮ್ಮ ಕಂಪನಿ ನೀವು ಕೊಟ್ಟಷ್ಟೇ ಮೊತ್ತ ಸೇರಿಸಿ ಕೊಟ್ಟರೂ ಹಾಗೆಯೇ. 'ಅವ್ವನ ಖಾತೆಗೆ ಹಾಕುತ್ತೇನೆ, ಅವ್ವ ಕೊಡಲಿ' ಎಂದವರಿದ್ದೀರಿ. ವಿದೇಶಿ ಮೂಲದಿಂದ ಬಂದದ್ದು ಎಷ್ಟು ಕೈ ದಾಟಿ ಬಂದರೂ ವಿದೇಶಿ ದೇಣಿಗೆಯೇ ಎಂದು ಅದೇ ಕಾಯ್ದೆ ಬರೆದಿಟ್ಟಿದೆ. ದಯವಿಟ್ಟು ಆ ದಾರಿ ಬೇಡ.

ಹಾಗೆಂದು ಅಂಥ ದೇಣಿಗೆ ನಮಗೆ ಬೇಡವೆಂದಲ್ಲ. ಅದು ಒಳಬರಲು ಒಂದೇ ಬಾಗಿಲಿದೆ: ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ನಮ್ಮ ಎಫ್‌ಸಿಆರ್‌ಎ ಖಾತೆ. ದೇಶದ ಎಲ್ಲ ಸಂಸ್ಥೆಗಳಿಗೂ ಇದೇ ನಿಯಮ. ಕಳಿಸುವಾಗ, ಹಣ ಯಾತಕ್ಕೆಂದು ಬ್ಯಾಂಕಿಗೆ ತಿಳಿಸುವ ಉದ್ದೇಶದ ಸಂಕೇತ ಪಿ1303 ಎಂದಿರಲಿ, ಬ್ಯಾಂಕ್ ಶುಲ್ಕ ಕಳಿಸುವವರದೇ ಎಂಬ ಆಯ್ಕೆ ಒತ್ತಿ. ಇಲ್ಲದಿದ್ದರೆ ನಡುವಿನ ಬ್ಯಾಂಕುಗಳು ಮುರಿದುಕೊಂಡು, ನೀವು ಕಳಿಸಿದ್ದೊಂದು, ನಾವು ರಸೀದಿ ಬರೆಯುವುದೊಂದು ಆಗುತ್ತದೆ.

ಕೌದಿ ಕೊಳ್ಳಲು ಯಾವ ಪಾಸ್‌ಪೋರ್ಟಾದರೂ ನಡೆದೀತು. ವ್ಯಾಪಾರದಲ್ಲಿ ಸರಕಿಗೆ ಕೊಟ್ಟ ಬೆಲೆಯನ್ನು ಕಾಯ್ದೆ ದೇಣಿಗೆ ಎನ್ನುವುದಿಲ್ಲ. ಹೊರದೇಶದಿಂದ ಕೌದಿಗೆ ಮುಂಗಡ ಕಳಿಸುವಾಗ ಉದ್ದೇಶದ ಸಂಕೇತ ಪಿ0103. ಆದರೆ ₹4,600ರ ಬಿಲ್ಲಿಗೆ ₹5,000 ಹಾಕಿ 'ಉಳಿದದ್ದು ಮಕ್ಕಳಿಗೆ' ಎಂದು ಬರೆಯಬೇಡಿ. ಆ ನಾನೂರು ರೂಪಾಯಿಗೆ ನಮ್ಮ ಲೆಕ್ಕದವರು ಎರಡು ದಿನ ಪತ್ರ ಬರೆಯಬೇಕಾಗುತ್ತದೆ. ನಿಮ್ಮ ಮನಸ್ಸು ದೊಡ್ಡದು, ಗೊತ್ತು.

ಇನ್ನು, ಏಪ್ರಿಲ್ 1ರಿಂದ ಕೌದಿಯ ಬೆಲೆ ಏರುವ ವಿಷಯ. 'ಆಫೀಸಿಗೇ ಎಲ್ಲ ಖರ್ಚಾಗುತ್ತದೆ' ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲನ್ನು 2020ರ ತಿದ್ದುಪಡಿ ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಶಾಲೆಯ ಶಿಕ್ಷಕಿಯ ಸಂಬಳ ಈ ಮಿತಿಯೊಳಗೆ ಬರುವುದಿಲ್ಲ. ಲೆಕ್ಕದವರ ಸಂಬಳ, ಬಾಡಿಗೆ, ಗಾಡಿ ಖರ್ಚು ಬರುತ್ತವೆ. ಅಂಗಡಿಯೂ ಅದೇ ಕೋಣೆ, ಅದೇ ಲೆಕ್ಕದವರ ಆಸರೆಯಲ್ಲಿ ನಡೆಯುತ್ತಿದ್ದರಿಂದ ಕೌದಿ ಸೋವಿಯಾಗಿ ಕಂಡಿತ್ತು. ಇನ್ನು ಅಂಗಡಿ ತನ್ನ ಪಾಲಿನ ಖರ್ಚನ್ನು ತಾನೇ ಹೊರುತ್ತದೆ, ಅದಕ್ಕೇ ಬೆಲೆ ಏರುವುದು.

ಕೊರಿಯರ್ ದರವೂ ನಾವು ಇಟ್ಟದ್ದಲ್ಲ. ಹೊರದೇಶಕ್ಕೆ ಹೋಗುವ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ತಕ್ಕಡಿಯ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. ನಾಲ್ಕು ಕಿಲೋ ಕೌದಿಯನ್ನು 50, 40, 30ರ ಪೆಟ್ಟಿಗೆಯಲ್ಲಿಟ್ಟರೆ 12 ಕಿಲೋ ದರ ಬೀಳುತ್ತದೆ. ಗಾಳಿ ತೆಗೆದ ಚೀಲದಲ್ಲಿ ಒತ್ತಿ ಎತ್ತರವನ್ನು 15ಕ್ಕೆ ಇಳಿಸಿದರೆ ಆರು. ಇನ್ನು ಹೀಗೇ ಕಳಿಸುತ್ತೇವೆ. ಬಿಚ್ಚಿದಾಗ ಸುಕ್ಕುಗಟ್ಟಿರುತ್ತದೆ, ಗಾಬರಿಯಾಗಬೇಡಿ. ಒಂದು ದಿನ ಬಿಸಿಲಿಗೆ ಹರವಿದರೆ ಮೊದಲಿನಂತಾಗುತ್ತದೆ.

ಮುಂದೆ ಅಂಗಡಿ ಟ್ರಸ್ಟಿನದಾಗಿ ಉಳಿಯುವುದಿಲ್ಲ. ಹೊಲಿಯುವ ಹೆಣ್ಣುಮಕ್ಕಳದೇ ಒಂದು ಉತ್ಪಾದಕರ ಕಂಪನಿಯಾಗುತ್ತದೆ. ಹಾಗೆ ಮಾಡಲು ಕನಿಷ್ಠ ಹತ್ತು ಜನ ಸದಸ್ಯರು, ಐದು ಜನ ನಿರ್ದೇಶಕರು ಬೇಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಟ್ರಸ್ಟಿಗಳಲ್ಲಿ ಯಾರೂ ಆ ಮಂಡಳಿಯಲ್ಲಿ ಕೂರುವುದಿಲ್ಲವೆಂದು ಠರಾವಾಗಿದೆ. ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದಕ್ಕೂ 2020ರಿಂದ ನಿಷೇಧವಿದೆ, ಆದ್ದರಿಂದ ಕಂಪನಿಗೆ ಅದರಿಂದ ಒಂದು ಪೈಸೆಯೂ ಹೋಗದು. ಕೌದಿ ಮಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತರಬೇತಿಯನ್ನೂ ಶಾಲೆಯನ್ನೂ ಟ್ರಸ್ಟು ತಾನೇ ನಡೆಸುತ್ತದೆ. ಈ ನಿಷೇಧಕ್ಕೆ ಮೊದಲು ನಮ್ಮ ಮೂಲಕ ಹಣ ಪಡೆಯುತ್ತಿದ್ದ ಹಳ್ಳಿಯ ಸಣ್ಣ ಸಂಘಗಳಿಗೆ ಏನು ಹೇಳುವುದೆಂಬುದೇ ನಮಗೆ ಇದರಲ್ಲಿ ಕಷ್ಟದ ಮಾತು.

ಮಾರ್ಚ್ 31ರೊಳಗೆ ಹೇಳಿಟ್ಟ ಕೌದಿಗಳಿಗೆ ಹಳೆಯ ಬೆಲೆಯೇ.

ಕೊನೆಗೆ ಹಳೆ ಸೀರೆಯ ವಿಷಯ. ವಿದೇಶಿ ಪೌರರು ಟ್ರಸ್ಟಿಗೆ ಸೀರೆ ದಾನ ಕೊಟ್ಟರೂ ಅದು ವಸ್ತುರೂಪದ ವಿದೇಶಿ ದೇಣಿಗೆ, ಹಾಗಾಗಿ ಗಂಟು ಕಟ್ಟಿ ಕಳಿಸಬೇಡಿ. ನಿಮ್ಮ ಅವ್ವನ ಸೀರೆ ಕೊಟ್ಟು ನಿಮಗೇ ಕೌದಿ ಹೊಲಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹೊಲಿಗೆಯ ಕೂಲಿಗೆ ಬಿಲ್ಲು ಕೊಡುತ್ತೇವೆ. ಜೋಡಿ ಮಂಚದ ಅಳತೆಗೆ ಐದಾರು ಹತ್ತಿ ಸೀರೆ ಬೇಕು. ಒಗೆದು ಗಂಜಿ ಪೂರ್ತಿ ಬಿಡಿಸಿ ಕೊಡಿ, ಗಂಜಿ ಉಳಿದ ಪದರದಲ್ಲಿ ಸೂಜಿ ಇಳಿಯುವುದಿಲ್ಲ. ಪಾಲಿಸ್ಟರ್ ಜಾರುತ್ತದೆ, ಬೇಡ. ಯಾವ ಸೀರೆ ಮೇಲೆ ಕಾಣಬೇಕೆಂದು ಚೀಟಿ ಬರೆದು ಅದಕ್ಕೇ ಪಿನ್ನು ಚುಚ್ಚಿಡಿ.

ಇಂತಿ,
ಟ್ರಸ್ಟ್ ಮತ್ತು ಕೌದಿ ಅಂಗಡಿಯ ಪರವಾಗಿ